ನಾಲ್ಕನೆಯ ಕತ್ತರಿ

ಊರಿನ ಲುಥೆರನ್ ದೇವಾಲಯಕ್ಕೆ ನೂರ ಇಪ್ಪತ್ತೈದು ವರ್ಷ ತುಂಬುತ್ತದೆ, ಅದರ ಚರಿತ್ರೆಯನ್ನು ಪುಸ್ತಕ ಮಾಡಿಸುತ್ತೇವೆ, ಬರೆಯುವ ಹೊಣೆಯನ್ನು ಡ್ರಾಯಿಂಗ್ ಮೇಷ್ಟ್ರು ಒಪ್ಪಿಕೊಂಡಿದ್ದಾರೆ ಎಂದು ಪಾಸ್ಟರು ಪ್ರಕಟಣೆ ಓದಿದಾಗ, ಮೂರನೆಯ ಬೆಂಚಿನ ತುದಿಯಲ್ಲಿ ಕೂತಿದ್ದ ಬಡಗಿಯ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಅಕ್ಕಪಕ್ಕದವರು ಅವನ ಕಡೆ ತಿರುಗಿ ನೋಡಿದರು. ನೋಡದೆ ಇರುತ್ತಾರೆಯೇ? ಮೂವತ್ತು ವರ್ಷದಿಂದ ಆ ದೇವಾಲಯದ ಚರಿತ್ರೆ ಎಂದರೆ ಬಡಗಿಯ ಬಾಯಿ. ಬಡಗಿ ಹಾಡಿನ ಪುಸ್ತಕದ ಪುಟ ತಿರುವಿದ. ಹಾಡು ಮುಗಿದು ಆಗಲೇ ಹತ್ತು ನಿಮಿಷವಾಗಿತ್ತು.

ಹೊರಗಿನಿಂದ ಯಾರು ಬಂದರೂ, ಈಗಿನ ಪಾಸ್ಟರಿಗಿಂತ ಹಿಂದಿನ ನಾಲ್ವರು ಪಾಸ್ಟರುಗಳೂ ಒಂದೇ ಮಾತು ಹೇಳುತ್ತಿದ್ದರು: "ಬಡಗೀನ ಕರೀರಿ." ದೇವಾಲಯದ ಎದುರಿಗೇ ಅವನ ಮರಗೆಲಸದ ಕೊಟ್ಟಿಗೆ. ಹೆಗಲ ಮೇಲಿನ ಮರದ ಹೊಟ್ಟು ಕೊಡವಿಕೊಂಡು ಬರುತ್ತಿದ್ದ. ಬಂದವನು ಹೊಸ್ತಿಲಿನಿಂದಲೇ ಶುರು ಮಾಡುತ್ತಿದ್ದ. ಈ ಕಲ್ಲು ಸುಟ್ಟುಹೋದ ಹಳೆಯ ಹುಲ್ಲಿನ ಪ್ರಾರ್ಥನಾ ಮನೆಯದು, ಬೆಂಕಿಯ ಕಪ್ಪು ಇನ್ನೂ ಹೋಗಿಲ್ಲ, ಕೈ ಹಚ್ಚಿ ನೋಡಿ. ಗೋಡೆ ಕಿಟಕಿಯ ಎತ್ತರದವರೆಗೆ ಕಲ್ಲು, ಆಮೇಲೆ ಇಟ್ಟಿಗೆ. ಯಾಕೆ? ಕಲ್ಲು ಮುಗೀತು, ಅಷ್ಟೇ! ಗೋಪುರದ ತುದಿಯಲ್ಲಿ ಕಬ್ಬಿಣದ ಹುಂಜ, ಗಾಳಿ ಬಂದ ಕಡೆ ತಿರುಗಲಿ ಅಂತ ಇಟ್ಟಿದ್ದು, ಹಾಕಿದ ವರ್ಷವೇ ತುಕ್ಕು ಹಿಡಿದು ನಿಂತಿತು, ಆವತ್ತಿನಿಂದ ಅದಕ್ಕೆ ಒಂದೇ ದಿಕ್ಕು. ಒಳಗೆ ಬಂದರೆ ಬಾಗಿಲ ಹತ್ತಿರ ದೀಕ್ಷಾಸ್ನಾನದ ಕಲ್ಲುತೊಟ್ಟಿ, ಎದುರಿಗೆ ವೇದಿ, ಎಡಕ್ಕೆ ಎತ್ತರದಲ್ಲಿ ಪ್ರಸಂಗಪೀಠ. ಮೂವತ್ತೆರಡು ಅಡಿ ಅಗಲದ ಹಜಾರಕ್ಕೆ ಒಂದೇ ಒಂದು ಕಂಬ ಇಲ್ಲ. ಕಂಬ ಇದ್ದರೆ ಅದರ ಹಿಂದೆ ಕೂತು ಜನ ನಿದ್ದೆ ಮಾಡುತ್ತಾರೆ, ವಾಕ್ಯ ಕೇಳುವವನಿಗೆ ಹೇಳುವವನ ಮುಖ ಕಾಣಬೇಕು ಎಂದು ಮೊದಲನೆಯ ಪಾಸ್ಟರು ಹಟ ಹಿಡಿದಿದ್ದರಂತೆ.

"ಕಂಬ ಬೇಡ ಅಂತ ಅವರು ಅಂದ್ರು. ಚಾವಣಿ ಹೊರೋದು ಯಾರು?" ಎಂದು ಕೇಳಿ ಬಡಗಿ ಬೆರಳನ್ನು ಮೇಲಕ್ಕೆ ಎತ್ತುತ್ತಿದ್ದ. ಮೇಲೆ ಗೋಡೆಯಿಂದ ಗೋಡೆಗೆ ಏಳು ದೊಡ್ಡ ಮರದ ಚೌಕಟ್ಟುಗಳು. ಎರಡು ಇಳಿಜಾರು ತೊಲೆ, ಅವನ್ನು ಹಿಡಿದಿಡಲು ಅಡ್ಡಕ್ಕೊಂದು. ಬಿಚ್ಚಿಟ್ಟ ಕತ್ತರಿಯ ಹಾಗೆ ಕಾಣುವುದರಿಂದ ಬಡಗಿಯ ಮನೆಯಲ್ಲಿ ಅವಕ್ಕೆ ಕತ್ತರಿ ಎಂದೇ ಹೆಸರು. ಏಳನ್ನೂ ಮಾಡಿ ಏರಿಸಿದವನು ಬಡಗಿಯ ಮುತ್ತಜ್ಜ. ಕಬ್ಬಿಣದ ಮೊಳೆ ಒಂದೂ ಇಲ್ಲ, ಎಲ್ಲ ಮರದ ಗೂಟ.

"ಏಳರಲ್ಲಿ ಒಂದು ಬೇರೆ ಥರ ಇದೆ. ಯಾವುದು ಹೇಳಿ ನೋಡೋಣ" ಎನ್ನುತ್ತಿದ್ದ ಕೊನೆಗೆ. ಬಂದವರು ಕತ್ತು ನೋಯುವ ತನಕ ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ. ಬಡಗಿ ಮೀಸೆಯಲ್ಲೇ ನಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದ. ಅದರ ಕತೆ ಹೊರಗಿನವರಿಗೆ ಹೇಳುವುದಲ್ಲ. ಆ ಮನೆಯಲ್ಲಿ ಕಸುಬಿಗೆ ಇಳಿದವರು ಮೊದಲ ಸಲ ದೇವಾಲಯದ ಚಾವಣಿ ಹತ್ತಿದ ದಿನ, ಅಲ್ಲೇ ತೊಲೆಯ ಮೇಲೆ ಕೂರಿಸಿ, ದೊಡ್ಡವರು ಚಿಕ್ಕವರಿಗೆ ಹೇಳುವ ಕತೆ ಅದು. ಬಡಗಿಗೆ ಅವನ ಅಪ್ಪ ಹೇಳಿದ್ದ. ಬಡಗಿ ತನ್ನ ಮಗಳಿಗೆ ಹೇಳಬೇಕಾಗಿತ್ತು. ಮಗಳು ಎರಡು ವರ್ಷದಿಂದ ಅಪ್ಪನ ಜೊತೆ ಉಳಿ ಹಿಡಿದಿದ್ದಳು, ಉತ್ಸವ ಕಳೆದ ಮೇಲೆ ಚಾವಣಿ ದುರಸ್ತಿಗೆ ಅವಳೂ ಹತ್ತುವವಳಿದ್ದಳು.

ಅಂಥ ಮನುಷ್ಯನನ್ನು ಬಿಟ್ಟು ಮೇಷ್ಟ್ರು! ಮೇಷ್ಟ್ರು ಬೇರೆ ಯಾರೂ ಅಲ್ಲ, ಬಡಗಿಯ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಊರೂರು ತಿರುಗಿ ಮಕ್ಕಳಿಗೆ ಚಿತ್ರ ಬರೆಯುವುದು ಕಲಿಸಿ, ನಿವೃತ್ತಿಯಾಗಿ, ಎರಡು ವರ್ಷದ ಹಿಂದೆ ಇಲ್ಲಿಗೆ ಬಂದು ನೆಲೆಸಿದವರು. ಎರಡೇ ವರ್ಷ. ಬಡಗಿ ಮರ ಹೆರೆಯುವ ರಂದಕ್ಕೆ ಅದಕ್ಕಿಂತ ಹೆಚ್ಚು ವಯಸ್ಸು. ಅವರ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೂ ಆಸ್ಪದ ಕೊಡದ ಪ್ರಾಣಿ. ಜೋರಾಗಿ ಮಾತಾಡುವುದಿಲ್ಲ, ಬೇರೆಯವರ ಮಾತಿಗೆ ಅಡ್ಡ ಬರುವುದಿಲ್ಲ, ಸಿಕ್ಕಿದಲ್ಲೆಲ್ಲ "ಅಣ್ಣ, ಅಣ್ಣ" ಎನ್ನುತ್ತಾರೆ. ಬಡಗಿಗೆ ಆ ಅಣ್ಣ ಎನ್ನುವ ಮಾತು ಕೇಳಿದರೇ ಮೈ ಉರಿಯುತ್ತಿತ್ತು.

ಮನೆಗೆ ಬಂದರೆ ಅಲ್ಲೂ ನೆಮ್ಮದಿ ಇಲ್ಲ. "ಮೇಷ್ಟ್ರು ಗೋಪುರ ಬರೆದಿದಾರೆ ನೋಡಿದ್ರಾ? ಆ ಹುಂಜದ ಬಾಲದಲ್ಲಿ ಒಂದು ಗರಿ ಮುರಿದಿದೆಯಲ್ಲ, ಅದನ್ನೂ ಬಿಟ್ಟಿಲ್ಲ" ಎಂದಳು ಹೆಂಡತಿ.

"ಆ ಗರಿ ಮುರಿದಿದ್ದೇ ನನ್ನ ಕಾಲು ತಾಗಿ" ಎಂದ ಬಡಗಿ.

"ಅದೇನು ದೊಡ್ಡಸ್ತಿಕೆ ಅಂತ ಹೇಳ್ಕೊಳ್ತೀರಿ?"

ಬಡಗಿ ತಟ್ಟೆ ಸರಿಸಿ ಎದ್ದ. ಹಸಿವು ಮಾತ್ರ ಹಾಗೇ ಇತ್ತು, ಆದರೆ ಎದ್ದಾದ ಮೇಲೆ ಮತ್ತೆ ಕೂರುವುದು ಹೇಗೆ?

ಮರುವಾರ ಮೇಷ್ಟ್ರೇ ಕೊಟ್ಟಿಗೆಯ ಬಾಗಿಲಿಗೆ ಬಂದರು. ಕೈಯಲ್ಲಿ ಟೇಪು, ಬಗಲಲ್ಲಿ ದಪ್ಪ ಕಾಗದದ ಪುಸ್ತಕ. "ಅಣ್ಣ, ಒಳಗಿನ ಅಳತೆ ತಗೋಬೇಕು. ನೀವು ಒಂದು ತುದಿ ಹಿಡ್ಕೊಂಡ್ರೆ ನನಗೆ ಧೈರ್ಯ."

ಬೇಡವೆನ್ನಲು ಬಾಯಿ ಬರಲಿಲ್ಲ. ಮುತ್ತಜ್ಜ ಕಟ್ಟಿದ ಚಾವಣಿಯ ಕೆಳಗೆ ಬಡಗಿ ಟೇಪಿನ ತುದಿ ಹಿಡಿದು ಗೋಡೆಯಿಂದ ಗೋಡೆಗೆ ನಡೆದ. ಹೇಳುವವನು ಹಿಡಿಯುವವನಾದ. ಮೇಷ್ಟ್ರು ಕೇಳಿದ್ದಕ್ಕೆಲ್ಲ ಒಂದೊಂದೇ ಮಾತಿನ ಉತ್ತರ ಕೊಟ್ಟ. ಅವರು ಅದನ್ನೂ ಚಿನ್ನದ ಹಾಗೆ ಬರೆದುಕೊಂಡರು. ಆಮೇಲೆ ಏಣಿ ಹತ್ತಿ, ಕನ್ನಡಕ ಮೇಲೆ ಕೆಳಗೆ ಮಾಡಿ, ಕತ್ತರಿಗಳನ್ನು ಒಂದೊಂದಾಗಿ ಬರೆಯತೊಡಗಿದರು. ಬಡಗಿ ಏಣಿಯ ಬುಡ ಹಿಡಿದು ನಿಂತು ಅವರ ಸವೆದ ಚಪ್ಪಲಿಯ ಅಟ್ಟೆ ನೋಡುತ್ತಿದ್ದ.

"ಅಣ್ಣ" ಎಂದರು ಮೇಲಿನಿಂದ. "ಆರು ಕತ್ತರಿಯಲ್ಲೂ ಗೂಟದ ತಲೆ ವೇದಿ ಕಡೆಗಿದೆ. ಈ ನಾಲ್ಕನೇದರಲ್ಲಿ ಮಾತ್ರ ಬಾಗಿಲ ಕಡೆಗಿದೆ. ಇದನ್ನ ಹಿಂದುಮುಂದಾಗಿ ಕೂರಿಸಿಬಿಟ್ಟಿದಾರಾ?"

ಬಡಗಿ ತಲೆಯೆತ್ತಿ ನೋಡಿದ. ಮೂವತ್ತು ವರ್ಷ! ಎಷ್ಟು ಜನ ಬಂದರು, ಎಂಜಿನಿಯರುಗಳು ಬಂದರು, ಹೊರದೇಶದಿಂದ ಪಾಸ್ಟರುಗಳು ಬಂದರು, ಒಬ್ಬರಿಗೂ ಕಾಣದ್ದು ಈ ಮನುಷ್ಯನ ಕಣ್ಣಿಗೆ ಅರ್ಧ ದಿನದಲ್ಲಿ ಬಿತ್ತು. ಉಳಿ ಹಿಡಿಯದ ಕೈ, ಪೆನ್ಸಿಲು ಹಿಡಿಯುವ ಕೈ! ಮಗಳಿಗೆಂದು ಅವನು ಜೋಪಾನ ಮಾಡಿಟ್ಟ ಡಬ್ಬಿಯ ಮುಚ್ಚಳವನ್ನು ಬೇರೆಯವರು ತೆಗೆದ ಹಾಗಾಯಿತು.

"ಯಾಕೆ ಹೀಗಾಯ್ತು ಅಣ್ಣ? ನಿಮ್ಮ ಮನೇಲಿ ಏನಾದ್ರೂ ಹೇಳ್ತಾರಾ?"

ಹೇಳುತ್ತಾರೆ. ಮೂರು ಕತ್ತರಿ ಏರಿ, ನಾಲ್ಕನೆಯದು ಹಗ್ಗದಲ್ಲಿ ಮೇಲೆ ಹೋಗುತ್ತಿದ್ದಾಗ, ಬಾಗಿಲಲ್ಲಿ ಯಾರೋ ನಿಂತು ಮುತ್ತಜ್ಜನನ್ನು ಕೂಗಿದರಂತೆ: ನಿನಗೆ ಗಂಡು ಮಗು! ಮೂರು ಮಕ್ಕಳನ್ನು ಹುಟ್ಟಿದ ವಾರದಲ್ಲೇ ಮಣ್ಣು ಮಾಡಿದ್ದ ಮನುಷ್ಯ. ಮಗು ಅಳ್ತಿದೆಯಾ ಎಂದು ಅಲ್ಲಿಂದಲೇ ಕೇಳಿದನಂತೆ. ಅಳ್ತಿದೆ ಎಂದರಂತೆ. ನಗುತ್ತ, ಕಣ್ಣು ಒರೆಸಿಕೊಳ್ಳುತ್ತ, ಕತ್ತರಿ ಯಾವ ಕಡೆ ಮುಖ ಮಾಡಿದೆ ಎಂದು ನೋಡದೆ ಗೂಟ ಬಡಿದುಬಿಟ್ಟ. ತಪ್ಪು ಗೊತ್ತಾಗಿ ಇಳಿಸಲು ಹೊರಟಾಗ ಪಾಸ್ಟರು, ಇರಲಿ ಬಿಡು, ಭಾರ ಹೊರುತ್ತದಲ್ಲ, ಎಂದರಂತೆ. ಆ ಮಗುವೇ ಬಡಗಿಯ ಅಜ್ಜ. ಆ ಕತ್ತರಿಯ ಎರಡು ತೊಲೆ ಸೇರುವ ನೆತ್ತಿಯ ಕೂಡುಗೆಯಲ್ಲಿ, ಯಾವ ಏಣಿಗೂ ಎಟುಕದ ಕಡೆ, ಓದುಬರಹ ಬಾರದ ಮುತ್ತಜ್ಜ ಇದು ನಾಲ್ಕನೆಯದು ಎಂಬ ಗುರುತಿಗೆ ಉಳಿಯಿಂದ ಕೊರೆದ ನಾಲ್ಕು ಗೆರೆಗಳಿವೆ. ಪಕ್ಕದಲ್ಲಿ, ಬೇರೆ ಯಾವ ಕತ್ತರಿಯಲ್ಲೂ ಇಲ್ಲದ, ಇನ್ನೊಂದು ಪುಟ್ಟ ಗೆರೆ.

ಇಷ್ಟೂ ಬಡಗಿಯ ನಾಲಿಗೆಯ ತುದಿಗೆ ಬಂತು. ಆದರೆ ಆ ಪೆನ್ಸಿಲು ಕಾಯುತ್ತಿತ್ತು.

"ಅದು ನಮ್ಮವರ ಕೆಲಸ ಅಲ್ಲ" ಎಂದುಬಿಟ್ಟ. "ಆವತ್ತು ಮುತ್ತಜ್ಜ ಊರಲ್ಲಿರಲಿಲ್ಲವಂತೆ. ಯಾರೋ ಕೂಲಿಯವನು ಕುಡಿದುಕೊಂಡು ಬಂದು ಹಿಂದುಮುಂದು ನೋಡದೆ ಕೂರಿಸಿದ್ದು."

"ಓಹೋ!" ಎಂದು ಮೇಷ್ಟ್ರು ನಕ್ಕರು. ಬರೆದುಕೊಂಡರು.

ಬಾಯಿ ಜಾರಿದ ಮಾತಿನ ರುಚಿ ಬಡಗಿಗೆ ಆಮೇಲೆ ಹತ್ತಿತು. ಬರೆಯಲಿ. ಅಚ್ಚಾಗಲಿ. ಪುಸ್ತಕ ಬಿಡುಗಡೆಯ ದಿನ ಇಡೀ ಸಭೆಯ ಎದುರು ಎದ್ದು ನಿಂತು, ಇದು ತಪ್ಪು, ಇದರ ನಿಜ ಬಡಗಿಯ ಮನೆಗೆ ಮಾತ್ರ ಗೊತ್ತು, ಬೇಕಾದರೆ ಹತ್ತಿ ನೋಡಿ, ನೆತ್ತಿಯಲ್ಲಿ ನಮ್ಮ ಉಳಿಯ ಗುರುತಿದೆ ಎಂದು ಹೇಳಿದರೆ! ಮೇಷ್ಟ್ರು ಮುಖ ಎಲ್ಲಿಡುತ್ತಾರೆ? ಮನೆಯೊಳಗಿನ ಕತೆ ಹೊರಗೆ ಬೀಳುತ್ತದಲ್ಲ ಎಂದು ಮನಸ್ಸು ಒಮ್ಮೆ ಅಳುಕಿತು. ಬೀಳಲಿ, ಅವರ ಮುಖ ಇಳಿದರೆ ಸಾಕು ಎಂದುಕೊಂಡ. ಪುಸ್ತಕ ಬರುವ ತನಕ ಮೂರು ತಿಂಗಳು ಬಡಗಿ ಸಿಳ್ಳೆ ಹಾಕುತ್ತ ಕೆಲಸ ಮಾಡಿದ. ಮೇಷ್ಟ್ರು ಎದುರಾದರೆ ತಾನೇ ಮೊದಲು ಮಾತಾಡಿಸಿದ. ಈ ಒಳ್ಳೆಯತನಕ್ಕೆ ಏನು ಕಾರಣವೋ ಎಂದು ಹೆಂಡತಿಗೆ ಸ್ವಲ್ಪ ಭಯವೇ ಆಯಿತು.

ಬಿಡುಗಡೆ ಭಾನುವಾರ ಬೆಳಗಿನ ಆರಾಧನೆ ಮುಗಿದ ಮೇಲೆ. ಬೆಂಚುಗಳು ತುಂಬಿದ್ದವು. ಬಡಗಿಯ ತಾಯಿ, ಎಂಬತ್ತನಾಲ್ಕು ವರ್ಷದವಳು, ಮೊದಲನೆಯ ಸಾಲಿನಲ್ಲಿ ಕೋಲು ಊರಿಕೊಂಡು ಕೂತಿದ್ದಳು. ನಾಲ್ಕನೆಯ ಕತ್ತರಿ ಏರಿದ ದಿನ ಹುಟ್ಟಿದ ಆ ಮಗು ದೊಡ್ಡದಾಗಿ ಅವಳಿಗೆ ಮಾವನಾಗಿತ್ತು. ಮಾವನಿಗೆ ಹದಿನಾರು ವರ್ಷ ಅನ್ನ ಬಡಿಸಿದವಳು ಅವಳು. ಸೊಸೆ ಚಾವಣಿ ಹತ್ತುವುದಿಲ್ಲವಾದರೂ ಮಾವ ಆ ಕತೆಯನ್ನು ಅವಳಿಗೂ ಹೇಳಿದ್ದ.

ಮೇಷ್ಟ್ರು ಪ್ರಸಂಗಪೀಠ ಹತ್ತಲಿಲ್ಲ, ಕೆಳಗೇ ನಿಂತರು. ಬಡಗಿ ಬೆಂಚಿನ ತುದಿಗೆ ಸರಿದು ಕಾಲು ಗಟ್ಟಿ ಮಾಡಿಕೊಂಡ.

"ನಾನು ಬರೆದೆ ಅನ್ನೋದು ಬರೀ ಹೆಸರಿಗೆ" ಎಂದರು ಮೇಷ್ಟ್ರು. "ಈ ದೇವಾಲಯ ಹೇಳಿದ್ದು ನಮ್ಮ ಅಣ್ಣನ ಬಾಯಲ್ಲಿ. ನಾನು ಬರೀ ಕೈ ಆಡಿಸಿದೆ. ಅದಕ್ಕೆ ಮೊದಲನೇ ಪುಟದಲ್ಲಿ ಹೀಗೆ ಹಾಕಿದೀನಿ." ಓದಿದರು: "ಇದನ್ನು ಕಟ್ಟಿದ ಮನೆಗೆ, ಮತ್ತು ಇದರ ಕತೆಯನ್ನು ಇಂದಿಗೂ ಹೇಳುತ್ತಿರುವ ಆ ಮನೆಯ ಬಡಗಿಗೆ. ಇದರಲ್ಲಿರುವ ಪ್ರತಿ ಮಾತೂ ಅವರದು."

ಸಭೆ ಚಪ್ಪಾಳೆ ತಟ್ಟಿತು. ಯಾರೋ ಹಿಂದಿನಿಂದ ಬೆನ್ನು ತಟ್ಟಿದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಮೇಷ್ಟ್ರು ಮೂವತ್ತೊಂದನೆಯ ಪುಟ ತೆರೆದರು. ನಾಲ್ಕನೆಯ ಕತ್ತರಿ. ಕುಡಿದ ಕೂಲಿಯವನು. ಹಿಂದುಮುಂದು. "ಇದನ್ನು ಬಡಗಿ ಮನೆಯವರೇ ಹೇಳಿದ್ದು" ಎಂದು ಓದಿ ಮುಗಿಸಿದಾಗ ಇಡೀ ಹಜಾರ ನಕ್ಕಿತು. ಕಂಬವಿಲ್ಲದ ಹಜಾರ ಅದು. ನಗು ಎಲ್ಲೂ ತಡೆಯದೆ ಗೋಡೆಯಿಂದ ಗೋಡೆಗೆ ಹೋಯಿತು.

ನಗದೆ ಇದ್ದವಳು ಒಬ್ಬಳೇ. ಬಡಗಿಯ ತಾಯಿ ಕೋಲಿನ ಮೇಲೆ ಭಾರ ಹಾಕಿ, ನಿಧಾನವಾಗಿ ತಿರುಗಿ, ಮಗನ ಮುಖ ನೋಡಿದಳು. ಕಂಬವಿಲ್ಲದ್ದರಿಂದ ಅವನಿಗೆ ಮರೆಯೂ ಇರಲಿಲ್ಲ.

ಬಡಗಿ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯದು. "ಬನ್ನಿ, ಎರಡು ಮಾತಾಡಿ" ಎಂದು ಪಾಸ್ಟರು ಕರೆದರು. ಈಗ ಇದು ಸುಳ್ಳು ಎಂದರೆ ಸುಳ್ಳು ಯಾರದ್ದು? "ಎಲ್ಲರಿಗೂ ವಂದನೆ" ಎಂದು ಹೇಳಿ ಕೂತುಬಿಟ್ಟ. ಅದಕ್ಕೂ ಚಪ್ಪಾಳೆ ಬಿತ್ತು.

ಅಮ್ಮ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಾಳೆ, ಉಂಡು ಹೋಗುತ್ತಾಳೆ, ಮಗ ಒಬ್ಬ ಅಲ್ಲಿ ಕೂತಿದ್ದಾನೆ ಎಂಬುದೇ ಅವಳಿಗೆ ಕಾಣದು. ಊರಿಗೆ ಮಾತ್ರ ಹಬ್ಬ. "ಕುಡುಕನ ಕತ್ತರಿ ಕೆಳಗೆ ಕೂತ್ಕೋಬೇಡ, ತೂಕಡಿಕೆ ಬರ್ತದೆ" ಎಂದು ಹಾಡುವ ಗುಂಪಿನ ಹೆಂಗಸರು ಒಬ್ಬರನ್ನೊಬ್ಬರು ಚುಡಾಯಿಸಿದರು. ಬುಧವಾರ ಹೊರಗಿನಿಂದ ಇಬ್ಬರು ಬಂದರು, ಕೈಯಲ್ಲಿ ಪುಸ್ತಕ. ಬಡಗಿ ಹೊಸ್ತಿಲಿನ ಕಲ್ಲಿನಿಂದ ಶುರು ಮಾಡಿದ. ಅವರು, ಅದೆಲ್ಲ ಓದಿದೀವಿ, ಕುಡುಕ ಕೂರಿಸಿದ್ದು ಯಾವುದು ತೋರಿಸಿ ಎಂದರು.

"ಅದು ಕುಡುಕ ಕೂರಿಸಿದ್ದಲ್ಲ. ನಮ್ಮ ಮುತ್ತಜ್ಜ ಕೂರಿಸಿದ್ದು" ಎಂದ ಬಡಗಿ.

ಒಬ್ಬಾಕೆ ಪುಸ್ತಕ ತೆರೆದು ಬೆರಳಿಟ್ಟಳು. "ಇಲ್ಲಿ ನೋಡಿ, ಬಡಗಿ ಮನೆಯವರೇ ಹೇಳಿದ್ದು ಅಂತ ಇದೆ. ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರ್ತದೆ."

ಆ ಸಂಜೆಯೇ ಬಡಗಿ ಷಡ್ಡಕನ ಮನೆಗೆ ಹೋದ. ಮೇಷ್ಟ್ರು ಕಿಟಕಿಯ ಬಳಿ ಕೂತು ಪೆನ್ಸಿಲು ಚೂಪು ಮಾಡುತ್ತಿದ್ದರು. ಬಡಗಿ ನಿಂತೇ ಎಲ್ಲ ಹೇಳಿದ. ಮೇಷ್ಟ್ರ ಕೈಯಲ್ಲಿ ಪೆನ್ಸಿಲಿನ ಮೊನೆ ಮುರಿಯಿತು.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅಣ್ಣ."

"ಏನಂತ ಹೇಳಲಿ ಮೇಷ್ಟ್ರೇ? ನೀವು ಚೆನ್ನಾಗಿ ಬರೀತೀರಿ, ಅದಕ್ಕೆ ನನಗೆ ಹೊಟ್ಟೆ ಉರೀತದೆ ಅಂತಲಾ?"

"ಹೌದು. ಹಾಗೇ ಹೇಳಬಹುದಿತ್ತು."

ಆಮೇಲೆ ಮೇಷ್ಟ್ರು, "ಒಂದು ಚೀಟಿ ಅಚ್ಚು ಹಾಕಿಸ್ತೀನಿ. ತಪ್ಪು ನನ್ನದು ಅಂತಲೇ ಹಾಕೋಣ. ಎಲ್ಲ ಮನೆಗೂ ಕೊಟ್ಟರಾಯ್ತು" ಎಂದರು.

ಇಷ್ಟಾದರೂ ಬಡಗಿಯ ಹೊಟ್ಟೆಯಲ್ಲಿ ಆ ಕೆಂಡ ಮತ್ತೆ ಕೆಂಪಾಯಿತು. ತಪ್ಪನ್ನೂ ಇವರೇ ಹೊತ್ತು ಒಳ್ಳೆಯವರಾಗಬೇಕೇ? "ಬೇಡ. ತಪ್ಪು ನನ್ನದು. ಅದನ್ನಾದ್ರೂ ನನಗೆ ಬಿಡಿ" ಎಂದ.

ಮಾರನೆಯ ದಿನದಿಂದ ಪೆನ್ನು ಹಿಡಿದು ಮನೆ ಮನೆ ಹತ್ತಿದ. ನೂರ ನಲವತ್ತು ಮನೆ. ಮೂವತ್ತೊಂದನೆಯ ಪುಟ ತೆರೆಸಿ, ಸಾಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಕೋಳಿ ಕೆದಕಿದಂಥ ಅಕ್ಷರದಲ್ಲಿ ನಿಜ ಬರೆಯುವುದು. ಮೊದಲ ಎರಡು ಮನೆಯಲ್ಲಿ ಅಚ್ಚಿನ ತಪ್ಪು ಎಂದ. ಮೂರನೆಯ ಮನೆಯ ದರ್ಜಿ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಅಚ್ಚಿನವರು ತಾವಾಗಿಯೇ ಒಬ್ಬ ಕುಡುಕನನ್ನ ಕರ್ಕೊಂಡು ಬಂದು ಸೇರಿಸಿದ್ರಾ?" ಎಂದಳು. ಬಡಗಿ ಪೆನ್ನು ಕೆಳಗಿಟ್ಟ. "ಇಲ್ಲ. ನಾನೇ ಸುಳ್ಳು ಹೇಳಿದೆ. ಹೊಟ್ಟೆಕಿಚ್ಚಿಗೆ" ಎಂದ. ದರ್ಜಿ ಹೆಂಗಸು ಕುರ್ಚಿ ಎಳೆದು ಕೊಟ್ಟಳು. "ಕೂತು ಬರೀರಿ. ನಿಂತು ಬರೆದ್ರೆ ಅಕ್ಷರ ಇನ್ನೂ ಕೆಡ್ತದೆ."

ಆಮೇಲೆ ಸಲೀಸಾಯಿತು ಎಂದಲ್ಲ. ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಬೇಕು. ಕೆಲವರು ನಕ್ಕರು. ಕೆಲವರು ಮುತ್ತಜ್ಜನ ಕತೆಯನ್ನು ಎರಡೆರಡು ಸಲ ಹೇಳಿಸಿಕೊಂಡು ಕಣ್ಣು ಒರೆಸಿಕೊಂಡರು. ಚೆನ್ನಾಗಿ ಹೇಳ್ತೀರಿ, ನೀವೇ ಬರೀಬೇಕಿತ್ತು ಎಂದರು ಒಬ್ಬರು. ಒಂಬತ್ತು ದಿನ ಹಿಡಿಯಿತು.

ಕೊನೆಗೆ ಉಳಿದದ್ದು ತನ್ನ ಮನೆಯದೇ. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಡಗಿ ಎದುರಿಗೆ ನೆಲದ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದ.

"ಇದನ್ನ ಮುಟ್ಟಬೇಡ" ಎಂದಳು ಅಮ್ಮ. ಹನ್ನೆರಡು ದಿನದಲ್ಲಿ ಅವನಿಗೆ ಹೇಳಿದ ಮೊದಲ ಮಾತು.

"ಎಲ್ಲ ಮನೇಲೂ ತಿದ್ದಿ ಬಂದೆ ಅಮ್ಮ. ಇದೊಂದೇ ಬಾಕಿ."

"ಗೊತ್ತು. ನಾಳೆ ನಿನ್ನ ಮಗಳು ಚಾವಣಿ ಹತ್ತೋದಲ್ವಾ? ಅವಳನ್ನ ತೊಲೆ ಮೇಲೆ ಕೂರಿಸಿ ಏನು ಹೇಳ್ತೀಯ?"

ಬಡಗಿ ಪೆನ್ನಿನ ಮುಚ್ಚಳ ಹಾಕಿದ.

"ಮೂರು ತಲೆಮಾರು ಕಾದು ಇಟ್ಟಿದ್ದ ಕತೆ. ಒಂಬತ್ತು ದಿನದಲ್ಲಿ ಬೀದಿಗೆಲ್ಲ ಹಂಚಿಬಿಟ್ಟೆ. ದರ್ಜಿ ಮನೇಲಿ ಕೇಳಿಕೊಂಡು ಬಂದು ನನಗೇ ಹೇಳಿದಳು ನಿನ್ನ ಮಗಳು. ಇನ್ನು ನಿನ್ನ ಹತ್ತಿರ ಅವಳಿಗೆ ಅಂತ ಉಳಿದಿರೋದು ಇದೊಂದು ಪುಟ. ಇದನ್ನೂ ಗೀಚಿಬಿಟ್ಟರೆ ಬರಿಗೈ." ಅಮ್ಮ ಪುಸ್ತಕವನ್ನು ಅವನ ಕೈಗಿಟ್ಟಳು. "ನಿಮ್ಮ ಮುತ್ತಜ್ಜ ತಪ್ಪಿದ್ದು ಸಂತೋಷಕ್ಕೆ. ನೀನು ತಪ್ಪಿದ್ದು ಯಾತಕ್ಕೆ ಅಂತ ಅವಳಿಗೆ ನೀನೇ ಹೇಳು."

ಮರುದಿನ ಬೆಳಿಗ್ಗೆ ಹೆಂಚು ಸರಿಸಿ ಇಬ್ಬರೂ ಚಾವಣಿಯೊಳಕ್ಕೆ ಇಳಿದರು. ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಮಗಳು ನಾಲ್ಕನೆಯ ಕತ್ತರಿಯ ಮೇಲೆ ಕಾಲು ಇಳಿಬಿಟ್ಟು ಕೂತು, ನೆತ್ತಿಯ ಕೂಡುಗೆಯಲ್ಲಿ ಬೆರಳಾಡಿಸಿ ಗೆರೆ ಎಣಿಸಿದಳು. ನಾಲ್ಕು. ಪಕ್ಕದಲ್ಲಿ ಒಂದು ಪುಟ್ಟದು.

"ಈ ಚಿಕ್ಕದು ನಿಮ್ಮ ಅಜ್ಜಂದು" ಎಂದಳು. "ಕತೆ ನನಗೆ ಗೊತ್ತು ಅಪ್ಪ. ಇಡೀ ಊರಿಗೇ ಗೊತ್ತು."

"ಇನ್ನೊಂದಿದೆ" ಎಂದ ಬಡಗಿ. ಅಂಗಿಯೊಳಗಿನಿಂದ ಪುಸ್ತಕ ತೆಗೆದು, ಮೂವತ್ತೊಂದನೆಯ ಪುಟ ಬಿಡಿಸಿ, ಮಗಳ ಮುಖ ನೋಡದೆ ಓದತೊಡಗಿದ.